ಐದರಿಂದ ಶುರುವಾಗುವ ಡಾನ್ಸು

ನನಗೆ ಡಾನ್ಸು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಗೋಲ್ಡ್ ಫೀಲ್ಡ್ಸ್‌ನ ಹಳಬರು ಎಲ್ಲಾದರೂ ಸಿಕ್ಕರೆ, "ಓ, ಆ ಡಾನ್ಸ್ ಕ್ಲಾಸಿನವರಲ್ಲವಾ ನೀವು?" ಎಂದು ಈಗಲೂ ಕೈ ಕುಲುಕುತ್ತಾರೆ, ಪಕ್ಕದಲ್ಲಿರುವ ನನ್ನ ಹೆಂಡತಿ ಆ ರಾತ್ರಿಯೆಲ್ಲ ನನ್ನ ಕಾಲನ್ನೇ ಅನುಮಾನದಿಂದ ನೋಡುತ್ತಾಳೆ. ಕ್ಲಾಸಿನಲ್ಲಿ ನಾನಿದ್ದೆ, ನಿಜ. ಆದರೆ ನನ್ನ ಕೆಲಸ ಕುಣಿಯುವುದಾಗಿರಲಿಲ್ಲ. ಕುಣಿತ ಕಲಿಸುವವರನ್ನು ಪರಿಚಯ ಮಾಡಿಕೊಡುವುದು. ಹೊಸ ಬ್ಯಾಚು ಬಂದಾಗಲೆಲ್ಲ ಮೈಕಿನ ಮುಂದೆ ನಿಂತು ಇನ್‌ಸ್ಟ್ರಕ್ಟರುಗಳ ಗುಣಗಾನ ಮಾಡಿ, ನಾಲ್ಕು ಜನ ನಗುವಂತೆ ಏನಾದರೂ ಒದರಿ, ಮೂಲೆಯ ಕುರ್ಚಿಗೆ ಹೋಗಿ ಬನ್ನು ತಿನ್ನುವುದು. ಬನ್ನು ಕ್ಲಬ್ಬಿನ ಖರ್ಚಿನದು. ಅದಕ್ಕೇ ಆ ಕೆಲಸವನ್ನು ಅಷ್ಟು ವರ್ಷ ಬಿಡದೆ ಮಾಡಿದೆ.

ಎಂಬತ್ತರ ದಶಕದ ಮೊದಲರ್ಧದ ಮಾತು. ಬಂಗಾರಪೇಟೆ ಪಕ್ಕದ ಹಳ್ಳಿಯಲ್ಲಿ ನಮ್ಮ ಮನೆ: ನಾಲ್ಕು ಎಮ್ಮೆ, ಎರಡು ಸೀಮೆಹಸು, ಅವೆಲ್ಲವನ್ನೂ ನನ್ನನ್ನೂ ಒಂದೇ ದನಿಯಲ್ಲಿ ಗದರುವ ಅಮ್ಮ. ನಾನು ದಿನಾ ಬೆಳಿಗ್ಗೆ ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿ ಚಿನ್ನದ ಗಣಿಯ ಟೈಮ್ ಆಫೀಸಿಗೆ ಹೋಗುತ್ತಿದ್ದೆ. ಕಿಟಕಿಯ ಹಿಂದೆ ಕೂತು ಶಿಫ್ಟಿಗೆ ಬಂದವರ ಟೋಕನ್ ನಂಬರು ಕೂಗುವ ಗುಮಾಸ್ತ ನಾನು. ಹೊಲದ ಆ ಬದಿಯಲ್ಲಿರುವ ಎಮ್ಮೆಯನ್ನು ಕರೆದು ಬೆಳೆದ ಗಂಟಲಾದ್ದರಿಂದ ನನ್ನ ಕೂಗು ಗೇಟಿನಾಚೆಗೂ ಕೇಳುತ್ತಿತ್ತು. ಜೊತೆಗೆ ಕನ್ನಡ, ತಮಿಳು, ತೆಲುಗು, ಇಂಗ್ಲಿಷು ನಾಲ್ಕರಲ್ಲೂ ಸಮಾನವಾಗಿ ತಪ್ಪು ಮಾಡುತ್ತಿದ್ದೆ. ಇವೆರಡು ಅರ್ಹತೆಗಳನ್ನು ನೋಡಿ ನಮ್ಮ ಹೆಡ್ ಕ್ಲಾರ್ಕು ನನ್ನನ್ನು ಕ್ಲಬ್ಬಿನ ಮೈಕಿಗೆ ಕಟ್ಟಿಹಾಕಿದರು.

ಹೆಡ್ ಕ್ಲಾರ್ಕೇ ಕ್ಲಬ್ಬಿನ ಸೆಕ್ರೆಟರಿ. ಸಫಾರಿ ಸೂಟಿನ ಮನುಷ್ಯ. ಜೇಬಿನಲ್ಲಿ ಮೂರು ಪೆನ್ನು, ಮೂರರಲ್ಲೂ ಇಂಕಿಲ್ಲ. ಕ್ಲಬ್ಬಿನಲ್ಲಿ ಬಿಳಿ ದೊರೆಗಳ ಕಾಲದ ಡಾನ್ಸ್ ಹಾಲು ಒಂದಿತ್ತು, ನೆಲಕ್ಕೆಲ್ಲ ತೇಗದ ಹಲಗೆ. ದೊರೆಗಳು ಹೋದರು, ಡಾನ್ಸು ಬರುತ್ತಿದ್ದ ಆಂಗ್ಲೋ ಇಂಡಿಯನ್ ಸಂಸಾರಗಳೂ ಒಂದೊಂದಾಗಿ ಹಡಗು ಹತ್ತಿದವು. ಉಳಿದದ್ದು ಹಲಗೆ ಮತ್ತು ಗೆದ್ದಲು. ಮೇಲೆ ಜನ ಓಡಾಡುತ್ತಿದ್ದರೆ ಗೆದ್ದಲು ಬರುವುದಿಲ್ಲ ಎಂದು ಯಾರೋ ಸೆಕ್ರೆಟರಿಯ ಕಿವಿ ಊದಿದರು. ಗೆದ್ದಲಿಗೆ ಔಷಧಿ ಹೊಡೆಸುವ ಬದಲು ಡಾನ್ಸ್ ಕ್ಲಾಸು ತೆರೆದ ಕ್ಲಬ್ಬು ಲೋಕದಲ್ಲಿ ನಮ್ಮದೊಂದೇ ಇರಬೇಕು.

ಆ ಹೊತ್ತಿಗೆ ಊರಿನಲ್ಲಿ ಸ್ವಿಂಗ್ ಡಾನ್ಸು ಸರಿಯಾಗಿ ಬರುವವರು ಇಬ್ಬರೇ ಉಳಿದಿದ್ದರು. ಸ್ವಿಂಗ್ ಎಂದರೆ ಇಬ್ಬರು ಎದುರೆದುರು ನಿಂತು ಕೈ ಹಿಡಿದು, ಹಿಂದಕ್ಕೊಂದು ಹೆಜ್ಜೆ, ಮುಂದಕ್ಕೊಂದು ಹೆಜ್ಜೆ, ಆಮೇಲೆ ಆ ಕಡೆ ಮೂರು, ಈ ಕಡೆ ಮೂರು ಪುಟ್ಟ ಹೆಜ್ಜೆ. ನಡುನಡುವೆ ಹೆಂಗಸನ್ನು ತೋಳಿನ ಕೆಳಗೆ ಬುಗುರಿಯಂತೆ ತಿರುಗಿಸಬೇಕು. ಓದುವುದಕ್ಕೆ ಸುಲಭ. ಪ್ಯಾಂಟು ಹಾಕಿಕೊಂಡು ಎದ್ದು ನಿಂತರೆ ಎರಡು ಕಾಲಿರುವುದೇ ದಂಡ ಅನಿಸುತ್ತದೆ.

ಇಬ್ಬರಲ್ಲಿ ಒಬ್ಬರು ಮಿಸ್. ಸ್ಕೂಲಿನಲ್ಲಿ ಮೂರನೆಯ ಕ್ಲಾಸಿಗೆ ಪಾಠ ಹೇಳಿ ರಿಟೈರಾದ ಆಂಗ್ಲೋ ಇಂಡಿಯನ್ ಟೀಚರು. ಉದ್ದಕ್ಕೆ, ಸಣ್ಣಕ್ಕೆ, ಮೊಣಕಾಲಿನ ಕೆಳಗೆ ನಿಲ್ಲುವ ಫ್ರಾಕು, ಕತ್ತಿನವರೆಗೆ ಪೌಡರು. ಮದುವೆಯಾಗಿರಲಿಲ್ಲ. ಅರ್ಧ ಊರಿಗೆ ಎಡಗೈ ಬಲಗೈ ಹೇಳಿಕೊಟ್ಟವರು ಅವರೇ, ಹಾಗಾಗಿ ಮ್ಯಾನೇಜರಿನಿಂದ ಮುನಿಸಿಪಾಲಿಟಿ ಮೆಂಬರಿನ ತನಕ ಎಲ್ಲರನ್ನೂ ಏಕವಚನದಲ್ಲೇ ಮಾತಾಡಿಸುತ್ತಿದ್ದರು. ಅವರ ಕನ್ನಡದಲ್ಲಿ 'ನೀವು' ಎಂಬ ಪದವೇ ಇರಲಿಲ್ಲ.

ಇನ್ನೊಬ್ಬರು ಡ್ರೈವರಣ್ಣ. ಬಸ್ಸಿನ ಡ್ರೈವರಲ್ಲ. ಗಣಿಯ ಬಾವಿಯೊಳಕ್ಕೆ ಕೇಜನ್ನು, ಅಂದರೆ ಜನ ನಿಲ್ಲುವ ಆ ಕಬ್ಬಿಣದ ಪಂಜರವನ್ನು, ಸಾವಿರಾರು ಅಡಿ ಇಳಿಸಿ ಎತ್ತುವ ಇಂಜಿನ್ನಿನ ಡ್ರೈವರು. ಆಂಡರ್ಸನ್‌ಪೇಟೆಯ ತಮಿಳರು, ಕುಳ್ಳಗೆ, ಗುಂಡಗೆ, ಬಾಗಿಲೊಳಗೆ ಮೊದಲು ಹೊಟ್ಟೆ ಬಂದು ಆಮೇಲೆ ಅವರು ಬರುತ್ತಿದ್ದರು. ಆದರೆ ಹಲಗೆಯ ಮೇಲೆ ನಿಂತರೆ ಕಾದ ಕಾವಲಿಗೆ ಚಿಮುಕಿಸಿದ ನೀರಿನ ಹಾಗೆ, ಪಾದ ಎಲ್ಲಿ ಮುಟ್ಟಿತು ಎಲ್ಲಿ ಬಿಟ್ಟಿತು ಗೊತ್ತೇ ಆಗುತ್ತಿರಲಿಲ್ಲ. ಚರ್ಚಿನ ಕ್ರಿಸ್‌ಮಸ್ ಪಾರ್ಟಿಗಳಲ್ಲಿ ಇವರೂ ಮಿಸ್ಸೂ ಇಪ್ಪತ್ತು ವರ್ಷದಿಂದ ಜೋಡಿ. ಇಬ್ಬರ ನಡುವೆ ಏನಾದರೂ ಇತ್ತೇ ಎಂದು ಹೊಸಬರು ಕೇಳುತ್ತಿದ್ದರು. ಇತ್ತು, ಒಂದು ಗೇಣು ಜಾಗ. ಅದನ್ನೂ ಅಣ್ಣನ ಹೊಟ್ಟೆ ತುಂಬಿಕೊಂಡಿತ್ತು. ಅಣ್ಣನ ಹೆಂಡತಿ ಗೋಡೆ ಪಕ್ಕದ ಬೆಂಚಿನಲ್ಲಿ ಕಡಲೆಕಾಯಿ ಸುಲಿಯುತ್ತಾ ಗಂಡನ ಹೆಜ್ಜೆ ತಪ್ಪಿದರೆ ಸಿಪ್ಪೆ ಎಸೆಯುತ್ತಿದ್ದರು.

ಮೊದಲ ದಿನದ ಪರಿಚಯವನ್ನು ನಾನು ಸಂಪೂರ್ಣ ಹಾಳು ಮಾಡಿದೆ. ಮೈಕು ಹಿಡಿದ ತಕ್ಷಣ ಬಾಯಿಗೆ ಅಭ್ಯಾಸವಾಗಿದ್ದೇ ಬಂತು. ಡ್ರೈವರಣ್ಣನ ಟೋಕನ್ ನಂಬರು, ಶಿಫ್ಟು, ಡಿಪಾರ್ಟ್‌ಮೆಂಟು ಕೂಗಿ "ಹಾಜರ್" ಎಂದೆ. ಮಿಸ್ ಕಡೆ ತಿರುಗಿ, "ಇವರಿಗೆ ಟೋಕನ್ ಇಲ್ಲ" ಎಂದೆ.

"ಏಯ್ ಮ್ಯಾನ್, ಟೋಕನ್ ಕೊಡಕ್ಕೆ ನಾನು ಏನು ಸ್ಟ್ಯಾಂಡಲ್ಲಿ ಬಿಟ್ಟಿರೋ ಸೈಕಲ್ಲಾ?" ಎಂದರು ಮಿಸ್. ಹಾಲು ಬಿದ್ದು ಬಿದ್ದು ನಕ್ಕಿತು. ನನಗೆ ಅವಮಾನವೇನೂ ಆಗಲಿಲ್ಲ. ಜನ ನಗುವುದಕ್ಕೆ ಇಷ್ಟು ಸಾಕು ಎಂಬ ಗುಟ್ಟು ತಿಳಿಯಿತು.

ಅದಕ್ಕಿಂತ ದೊಡ್ಡ ಫಜೀತಿ ಐದು ನಿಮಿಷದಲ್ಲೇ ಆಯಿತು. ಅದನ್ನು ಹೇಳುವ ಮುಂಚೆ ಗಣಿಯ ಬೆಲ್ಲಿನ ಲೆಕ್ಕ ಹೇಳಬೇಕು. ಇಂಜಿನ್ ಡ್ರೈವರಿಗೆ ಕೇಜು ಕಾಣುವುದಿಲ್ಲ. ಅವರು ಎಲ್ಲೋ ಇಂಜಿನ್ ಮನೆಯಲ್ಲಿ, ಕೇಜು ಎಲ್ಲೋ ಪಾತಾಳದಲ್ಲಿ. ಎರಡರ ನಡುವೆ ಇರುವುದು ಬೆಲ್ಲೊಂದೇ. ಒಂದು ಹೊಡೆದರೆ ನಿಲ್ಲು. ಎರಡಕ್ಕೆ ಇಳಿಸು. ಮೂರು ಹೊಡೆದರೆ, ಒಳಗೆ ಮನುಷ್ಯರಿದ್ದಾರೆ, ಮೆಲ್ಲಗೆ. ಬರೀ ಅದಿರು ತುಂಬಿದ್ದರೆ ಡ್ರೈವರು ಹೇಗೆ ಬೇಕಾದರೂ ಎಳೆಯಬಹುದು. ಮೂರು ಬಿದ್ದ ಮೇಲೆ ಅವರ ಕೈಯೇ ಬೇರೆಯಾಗಬೇಕು. ಒಳಗಿರುವವರೂ ಮೂರು ಕೇಳಿದೊಡನೆ ಮಾತು ನಿಲ್ಲಿಸಿ, ನೆಟ್ಟಗೆ ನಿಂತು, ಸರಳನ್ನೋ ಪಕ್ಕದವನ ಹೆಗಲನ್ನೋ ಹಿಡಿಯುತ್ತಾರೆ. ಕೇಜು ಹೇಗೆ ನಿಂತಿತು ಎನ್ನುವುದರಲ್ಲೇ ಇವತ್ತು ಇಂಜಿನ್ನಿನಲ್ಲಿ ಯಾರು ಎಂದು ಕಾರ್ಮಿಕರ ಮೊಣಕಾಲಿಗೆ ಗೊತ್ತಾಗುತ್ತಿತ್ತು. ನಮ್ಮ ಅಣ್ಣ ಇದ್ದರೆ ಗೊತ್ತೇ ಆಗುತ್ತಿರಲಿಲ್ಲ. ತುಂಬಿದ ಟೀ ಲೋಟ ಹಿಡಿದು ಇಳಿಯಬಹುದು ಎನ್ನುತ್ತಿದ್ದರು. ಮೂವತ್ತು ವರ್ಷದಲ್ಲಿ ಒಬ್ಬರನ್ನೂ ಜೋರಾಗಿ ಇಳಿಸಿಲ್ಲ ಎನ್ನುವುದು ಅಣ್ಣನಿಗಿದ್ದ ಒಂದೇ ಒಂದು ಜಂಬ.

ಕ್ಲಾಸಿಗೆ ಬಂದವರು ಬಹುಪಾಲು ಇಂಥ ಗಣಿಯೊಳಗಿನ ಜನ, ಬೆಳಗಿನ ಶಿಫ್ಟು ಮುಗಿಸಿ ಸ್ನಾನ ಮಾಡಿ ತಲೆಗೆ ಎಣ್ಣೆ ಹಚ್ಚಿ ಬಂದವರು. ಹೆಂಗಸರು ಐದಾರೇ ಮಂದಿ. ಹಾಗಾಗಿ ಗಂಡಸರಿಗೆ ಗಂಡಸರೇ ಜೋಡಿ. ದಿನವೂ ಕೇಜಿನಲ್ಲಿ ಎದೆಗೆ ಬೆನ್ನು ಒತ್ತಿ ನಿಲ್ಲುವವರಿಗೆ ಅದರಲ್ಲಿ ನಾಚಿಕೆ ಏನೂ ಇರಲಿಲ್ಲ. ರೆಕಾರ್ಡು ಹಾಕಿದರು. ಎಲ್ಲರೂ ಹಿಂದಕ್ಕೂ ಮುಂದಕ್ಕೂ ತೂಗಾಡತೊಡಗಿದರು. "ಈಗ ಶುರು" ಎಂದು ಮಿಸ್ ತಮ್ಮ ಬೆತ್ತದಿಂದ ಹಲಗೆಗೆ ಒಂದು ಕುಟ್ಟಿದರು.

ಇಡೀ ಕ್ಲಾಸು ನಿಂತುಬಿಟ್ಟಿತು.

ಮಿಸ್‌ಗೆ ಅರ್ಥವಾಗಲಿಲ್ಲ. ಟಕ್ ಟಕ್ ಎಂದು ಎರಡು ಕುಟ್ಟಿದರು. ಎಲ್ಲರೂ ಮೊಣಕಾಲು ಸ್ವಲ್ಪ ಬಗ್ಗಿಸಿದರು, ಕೇಜು ಇಳಿಯುವಾಗ ಬಗ್ಗಿಸುವ ಹಾಗೆ. ಸಿಟ್ಟು ಬಂದು ಮೂರು ಕುಟ್ಟಿದರು. ಎಲ್ಲರೂ ನೆಟ್ಟಗಾಗಿ, ತುಟಿ ಮುಚ್ಚಿ, ಪಕ್ಕದವರ ಹೆಗಲು ಹಿಡಿದುಕೊಂಡರು. ರೆಕಾರ್ಡಿನಲ್ಲಿ ಮಾತ್ರ ಪಾಪ ಯಾರೋ ಒಬ್ಬ ಜೀವ ಬಿಟ್ಟು ತುತ್ತೂರಿ ಊದುತ್ತಿದ್ದ.

"ಏನು ಮ್ಯಾನ್ ಇದು? ಡಾನ್ಸ್ ಮಾಡು ಅಂದ್ರೆ ಲ್ಯಾಂಪ್ ಪೋಸ್ಟ್ ತರ ನಿಂತ್ಕೊಳ್ತಾರೆ!" ಎಂದು ಮಿಸ್ ಕೂಗಾಡಿದರು.

"ಮಿಸ್, ಅವುರ್ ತಪ್ಪಲ್ಲ ಮಿಸ್," ಎಂದರು ಡ್ರೈವರಣ್ಣ. "ಒಂದು ಒಡುದ್ರೆ ನಿಲ್ಲೇಬೇಕು. ನಿಂತಿಲ್ಲ ಅಂದ್ರೆ ಸತ್ತೋಗ್ತಾರೆ. ಕಾಲ್ಗೆ ಅದೇ ಗೊತ್ತಿರೋದು."

"ಇದು ಡಾನ್ಸ್ ಹಾಲ್. ಇಲ್ಲಿ ನನ್ನ ಬೆತ್ತ, ನಿನ್ನ ಬೆಲ್ ಅಲ್ಲ," ಎಂದರು ಮಿಸ್.

ಮೂರು ಶನಿವಾರ ಅವರು ಹಟ ಬಿಡಲಿಲ್ಲ. ಬೆತ್ತ ಬಿಟ್ಟು ಚಪ್ಪಾಳೆ ತಟ್ಟಿದರು; ಒಂದು ಚಪ್ಪಾಳೆಗೂ ಜನ ನಿಂತರು. ಬಾಯಲ್ಲಿ "ಒನ್" ಎಂದರೂ ನಾಲ್ಕಾರು ಜನರ ಪಾದ ಹಲಗೆಗೆ ಅಂಟುತ್ತಿತ್ತು. ಕೊನೆಗೆ ನಾಲ್ಕನೆಯ ಶನಿವಾರ, ಹಲ್ಲು ಕಚ್ಚಿಕೊಂಡು, ಐದರಿಂದ ಎಣಿಸಿದರು. ಫೈವ್, ಸಿಕ್ಸ್, ಸೆವೆನ್, ಏಯ್ಟ್! ಹಲಗೆ ಧಡಧಡ ಎಂದಿತು, ಗೆದ್ದಲು ಅವತ್ತೇ ಊರು ಬಿಟ್ಟಿರಬೇಕು. ಅಲ್ಲಿಂದ ಮುಂದೆ ಹಾಲಿನೊಳಗೆ ಕುಟ್ಟುವುದು, ತಟ್ಟುವುದು ಬಂದ್. ಮೆಚ್ಚುಗೆಯಾದರೂ ಚಪ್ಪಾಳೆ ಹೊಡೆಯಬಾರದು ಎಂದು ಬಾಗಿಲ ಮೇಲೆ ಬೋರ್ಡೇ ಬಂತು. ಚಪ್ಪಾಳೆ ಬಿದ್ದರೆ ಸಾಕು, ಮೆಚ್ಚಿಸಿದವನು ಅರ್ಧ ಸುತ್ತಿನಲ್ಲೇ ಒಂಟಿಕಾಲಿನ ಕೊಕ್ಕರೆಯಾಗುತ್ತಿದ್ದ.

ನನ್ನ ಪರಿಚಯಗಳೂ ಬ್ಯಾಚಿನಿಂದ ಬ್ಯಾಚಿಗೆ ಕೊಬ್ಬುತ್ತಾ ಹೋದವು. "ಇವರು ವಾರವೆಲ್ಲ ನಿಮ್ಮಂಥ ನೂರಾರು ಜನರನ್ನು ಇಳಿಸಿ ಎತ್ತುತ್ತಾರೆ. ಶನಿವಾರ ಒಬ್ಬರನ್ನೇ ತಿರುಗಿಸುತ್ತಾರೆ, ಆದರೆ ನೂರು ಜನಕ್ಕಿಂತ ಈ ಒಬ್ಬರಿಗೆ ಹೆಚ್ಚು ಹೆದರುತ್ತಾರೆ," ಎನ್ನುತ್ತಿದ್ದೆ. "ಮಿಸ್ ವಯಸ್ಸು ಯಾರೂ ಕೇಳಬೇಡಿ. ಕೇಳಿದ ಹಿಂದಿನ ಬ್ಯಾಚಿನವರು ಇನ್ನೂ ಮನೆಯಲ್ಲಿ ಇಂಪೊಸಿಷನ್ ಬರೆಯುತ್ತಿದ್ದಾರೆ," ಎನ್ನುತ್ತಿದ್ದೆ. ಕೊನೆಯಲ್ಲಿ ಯಾವಾಗಲೂ ಒಂದೇ ಸಾಲು: "ಇವರೇ ನಮ್ಮ ಇನ್‌ಸ್ಟ್ರಕ್ಟರುಗಳು. ಕಾಲು ತುಳಿದರೆ ಕ್ಷಮಿಸುತ್ತಾರೆ, ತಾಳ ತುಳಿದರೆ ಕ್ಷಮಿಸುವುದಿಲ್ಲ." ಇದನ್ನು ಕೇಳಿ ಕೇಳಿ ಎಲ್ಲರಿಗೂ ಬಾಯಿಪಾಠವಾಗಿತ್ತು, ನಾನು ಅರ್ಧ ಹೇಳಿದರೆ ಹಾಲೇ ಇನ್ನರ್ಧ ಹೇಳುತ್ತಿತ್ತು.

ನಮ್ಮಮ್ಮನಿಗೆ ಮಾತ್ರ ಈ ಕೆಲಸದ ಬಗ್ಗೆ ಕಿಂಚಿತ್ತೂ ಗೌರವ ಇರಲಿಲ್ಲ. "ಏನ್ಲಾ, ಕುಣಿಯೋರ ಎಸ್ರೇಳಾಕೆ ಒಬ್ಬ ಆಳು ಬೇಕೇನ್ಲಾ? ಅವ್ರಿಗೇನ್ ಬಾಯಿಲ್ವಾ?" ಎಂದು ಹಾಲು ಕರೆಯುತ್ತಲೇ ಕೇಳುತ್ತಿದ್ದಳು.

ಹೀಗೆ ಮೂರು ವರ್ಷ ನಡೆಯಿತು. ಆಮೇಲೆ ಒಂದು ಬೆಳಿಗ್ಗೆ ಮಿಸ್ ಬಿದ್ದರು. ಡಾನ್ಸಿನಲ್ಲಲ್ಲ. ಬೇತಮಂಗಲದ ಕೆರೆಯಿಂದ ಬರುವ ನೀರು ನಲ್ಲಿಗೆ ಬರುವುದು ಅದರ ಮರ್ಜಿಯ ಪ್ರಕಾರ. ಅವತ್ತು ಹೇಳದೆ ಕೇಳದೆ ಬಂತು. ಮಿಸ್ ಬಕೆಟ್ಟು ಹಿಡಿದು ಓಡಿದರು, ಪಾಚಿಯ ಮೇಲೆ ಕಾಲಿಟ್ಟರು, ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಒಳಗೆ ಕಂಬಿ ಕೂರಿಸಿದರು. ಬೆತ್ತ ಹಿಡಿದು ನಡೆಯಬಹುದು, ಕುಣಿತ ಇನ್ನು ಮರೆತುಬಿಡಿ ಎಂದರಂತೆ ಡಾಕ್ಟರು. ಕ್ಲಾಸು ನಿಂತಿತು. ಡ್ರೈವರಣ್ಣನನ್ನು ಬೇರೆ ಯಾರ ಜೊತೆಗಾದರೂ ಕಲಿಸಿ ಎಂದು ಕೇಳಿದರೆ, "ನಮ್ಗೆ ಬೇರೆಯೋರ್ ಕೈ ಬರಲ್ಲ ತಂಬಿ" ಎಂದು ತಲೆ ಆಡಿಸಿದರು. ಶನಿವಾರಗಳಲ್ಲಿ ಇಬ್ಬರೂ ಮಿಸ್ ಮನೆಯ ಜಗುಲಿಯಲ್ಲಿ ಕೂತು ಟೀ ಕುಡಿಯುತ್ತಿದ್ದರು.

ಎಂಟು ತಿಂಗಳಾದ ಮೇಲೆ ಸೆಕ್ರೆಟರಿಗೆ ಹಲಗೆಯ ಚಿಂತೆ ಮತ್ತೆ ಹತ್ತಿತು. ಕ್ಲಬ್ಬಿನ ವಾರ್ಷಿಕೋತ್ಸವಕ್ಕೆ ಬೆಂಗಳೂರಿನಿಂದ ಹೊಸ ಇನ್‌ಸ್ಟ್ರಕ್ಟರುಗಳನ್ನು ಕರೆಸುವುದಾಗಿ ಸಾರಿದರು. ಗಂಡ ಹೆಂಡತಿ, ಚಿಕ್ಕ ವಯಸ್ಸು, ಅವರಿಗೆ ಡಾನ್ಸಿನಲ್ಲಿ ಸರ್ಟಿಫಿಕೇಟು ಇದೆಯಂತೆ. ನನ್ನ ಟೇಬಲ್ಲಿಗೆ ಬಂದು, ನನ್ನ ಪೆನ್ನೇ ತೆಗೆದುಕೊಂಡು, ಚೀಟಿ ಬರೆದುಕೊಟ್ಟರು: ಹೊಸ ಇನ್‌ಸ್ಟ್ರಕ್ಟರುಗಳ ಪರಿಚಯ, ಐದು ನಿಮಿಷ. ಅವರ ಡಾನ್ಸು, ಹತ್ತು ನಿಮಿಷ. ಹಳೆಯ ಮಿಸ್‌ಗೆ ಶಾಲು, ಎರಡು ನಿಮಿಷ.

"ನಿವೃತ್ತಿ ಅನ್ನೋ ಪದ ಚೆನ್ನಾಗಿ ಬರಬೇಕು," ಎಂದರು. "ಸ್ವಲ್ಪ ಕಣ್ಣೀರು ಬರೋ ಹಾಗೆ ಮಾತಾಡಿ. ನಿಮಗೆ ಬರುತ್ತೆ."

ನನಗೆ ಬರುತ್ತಿತ್ತು, ಅದೇ ನನ್ನ ದೌರ್ಭಾಗ್ಯ. ಮುಂಚೆಯೇ ತಿಳಿಸಿಬಿಡೋಣ ಎಂದು ಗುರುವಾರ ಆಫೀಸು ಬಿಟ್ಟು ಮಿಸ್ ಮನೆಗೆ ಹೋದೆ. ಕೋಳಿಗಳನ್ನು ಬೆತ್ತದಿಂದ ಓಡಿಸುತ್ತಾ ಕೂತಿದ್ದರು. ವಿಷಯ ಕೇಳಿದರು. ಕೋಳಿಗಳನ್ನು ಬಿಟ್ಟು ಬೆತ್ತವನ್ನು ನನ್ನ ಕಡೆ ತಿರುಗಿಸಿದರು.

"ಶಾಲು ಹಾಕ್ತಾರಾ? ನಾನೇನು ಸತ್ತಿದೀನಾ?" ಎಂದರು. ಆಮೇಲೆ ನನ್ನ ಮೊಣಕೈ ಹಿಡಿದರು. "ನೋಡು ಮ್ಯಾನ್. ಹೊಸ ಪೀಪಲ್ ಬರ್ಲಿ, ನನಗೆ ಕೋಪ ಇಲ್ಲ. ಆದ್ರೆ ನಾನು ಬಿದ್ದಿದ್ದು ನಲ್ಲಿ ಹತ್ರ. ನನ್ನ ಲಾಸ್ಟ್ ಸ್ಟೆಪ್ ಬಕೆಟ್ ಜೊತೆ ಆಗಬಾರ್ದು. ಒಂದು ಡಾನ್ಸ್. ಒಂದೇ. ಆ ಹಲಗೆ ಮೇಲೆ. ನೀನು ಮೈಕಲ್ಲಿ ಇನ್‌ಸ್ಟ್ರಕ್ಟರ್ ಅಂತ ಹೇಳು, ಯಾವಾಗ್ಲೂ ಹೇಳೋ ತರ. ರಿಟೈರ್ ಅಂತ ನೀನು ಹೇಳಿದ್ರೆ ನಾನು ಬರೀ ಮುದುಕಿ. ಶಾಲು ಹಾಕಿರೋ ಮುದುಕಿ."

ನಾನು ಆಗಲಿ ಎನ್ನಲಿಲ್ಲ, ಆಗದು ಎನ್ನಲೂ ಇಲ್ಲ. ಧೈರ್ಯಸ್ಥನಾದ್ದರಿಂದ ನೇರ ಡ್ರೈವರಣ್ಣನ ಮನೆಗೆ ಹೋಗಿ ಜವಾಬ್ದಾರಿಯನ್ನು ಅವರ ತಲೆಗೆ ಕಟ್ಟಲು ನೋಡಿದೆ. ಅಣ್ಣ ಕೇಳಿ ಬಿಳಿಚಿಕೊಂಡರು.

"ಮೂವತ್ ವರ್ಷ ತಂಬಿ, ಒಬ್ರನ್ನೂ ಬೀಳ್ಸಿಲ್ಲ," ಎಂದರು. "ಕೇಜ್‌ಗೆ ಬ್ರೇಕಿದೆ. ಮಿಸ್‌ಗೆ ಎಲ್ಲಿದೆ ಬ್ರೇಕು? ಬಿದ್ರೆ ಯಾರ್ ಪಾ ಎತ್ತೋದು?" ಹೆಂಡತಿ ಒಳಗಿನಿಂದ, "ಆಯಮ್ಮ ಕರುದ್ರೆ ನೀವು ಓಗ್ಲೇಬೇಕು" ಎಂದರು. ಅಣ್ಣ ಅಂಗೈ ಒರೆಸಿಕೊಳ್ಳುತ್ತಲೇ ಇದ್ದರು.

ಮನೆಗೆ ಬಂದು ಅಮ್ಮನ ಮುಂದೆ ಗೋಳಾಡಿದೆ. ಸೆಕ್ರೆಟರಿ ನನ್ನ ಮೇಲಿನವರು, ಅವರ ಚೀಟಿ ಮೀರಿದರೆ ಮೂರು ತಿಂಗಳು ರಾತ್ರಿ ಶಿಫ್ಟಿನ ಕಿಟಕಿ ಗ್ಯಾರಂಟಿ. ಇತ್ತ ಮಿಸ್ ಹಟ. ಅತ್ತ ಡ್ರೈವರಣ್ಣನ ಭಯ. ಅಮ್ಮ ಎಮ್ಮೆಗೆ ಬೂಸಾ ಕಲಸುತ್ತಾ ಎಲ್ಲ ಕೇಳಿಸಿಕೊಂಡಳು.

"ಆಯಮ್ಮ ಕೇಳಿದ್ದೇನ್ಲಾ?"

"ಒಂದು ಸಲ ಕುಣೀತೀನಿ ಅಂತ."

"ನಿನ್ನೇನ್ ಎತ್ಕೊಂಡ್ ಕುಣಿ ಅಂದ್ಲಾ?"

"ಇಲ್ಲ."

"ಎಸ್ರೇಳು ಅಂದ್ಲು. ಅದೊಂದೇ ತಾನೇ ನಿಂಗ್ ಬರೋದು? ಅದ್ನೂ ಮಾಡಾಕಾಗಲ್ಲ ಅಂದ್ರೆ ಎಮ್ಮೆ ಕಾಯಿ ಓಗು," ಎಂದು ಬೂಸಾ ಕೈಯನ್ನು ನನ್ನ ಅಂಗಿಗೇ ಒರೆಸಿದಳು.

ಶನಿವಾರ ಸಂಜೆ ಹಾಲು ತುಂಬಿತ್ತು. ಹಳೆಯ ಬ್ಯಾಚುಗಳವರೆಲ್ಲ ಬಂದಿದ್ದರು, ಟೀ ಲೋಟ ಹಿಡಿದು ಗೋಡೆಗೆ ಒರಗಿ ಹರಟುತ್ತಿದ್ದರು. ಬೆಂಗಳೂರಿನ ಜೋಡಿಗೆ ಒಂದೇ ಥರದ ಕೆಂಪು ಬೂಟು. ಅವರನ್ನು ನಾನು ಚೆನ್ನಾಗಿಯೇ ಪರಿಚಯ ಮಾಡಿದೆ. "ಇವರ ಬೂಟು ನೋಡಿ ಯಾರೂ ರೈಲು ನಿಲ್ಲಿಸಬೇಡಿ," ಎಂದದ್ದಕ್ಕೆ ಜನ ನಕ್ಕರು. ಆ ಹುಡುಗಿ ಕುಣಿಯುವ ಮುಂಚೆ "ಫೈವ್, ಸಿಕ್ಸ್, ಸೆವೆನ್, ಏಯ್ಟ್" ಎಂದಳು. ಹಾಲಿನಲ್ಲಿ ಗುಸುಗುಸು ಎದ್ದಿತು. ನಮ್ಮ ಕ್ಲಾಸಿನ ಎಣಿಕೆ ಇವರ ಕೈಗೆ ಹೇಗೆ ಸಿಕ್ಕಿತು? ಲೋಕದಲ್ಲಿ ಎಲ್ಲ ಡಾನ್ಸಿನವರೂ ಹಾಗೇ ಎಣಿಸುತ್ತಾರೆ ಎಂದು ಆಮೇಲೆ ಯಾರೋ ನನಗೆ ಹೇಳಿದರು. ಎಲ್ಲರೂ ನಮ್ಮಿಂದಲೇ ಕದ್ದದ್ದು ಎಂದು ನಾನು ಈಗಲೂ ನಂಬಿದ್ದೇನೆ. ಜೋಡಿ ಚೆನ್ನಾಗಿ ಕುಣಿಯಿತು, ಸುಳ್ಳು ಹೇಳಬಾರದು. ಬೋರ್ಡಿದ್ದದ್ದರಿಂದ ಯಾರೂ ಚಪ್ಪಾಳೆ ಹೊಡೆಯಲಿಲ್ಲ. "ಭಲೇ, ಭಲೇ" ಎಂದು ಕೂಗಿದರು. ಹುಡುಗಿ ಸ್ವಲ್ಪ ಗಾಬರಿಯಾಗಿ ಬಂದು ಮೈಕಿನ ಪಕ್ಕ ಕೂತಳು.

ಸೆಕ್ರೆಟರಿ ಶಾಲು ಬಿಡಿಸುತ್ತಾ ನನಗೆ ಕಣ್ಸನ್ನೆ ಮಾಡಿದರು. ನಾನು ಚೀಟಿ ನೋಡಿದೆ. ಅಕ್ಷರ ಒಂದೂ ಕಾಣಲಿಲ್ಲ. ಭಯದಲ್ಲಿ ಬಾಯಿಗೆ ಅಭ್ಯಾಸವಾಗಿದ್ದೇ ಬಂತು. "ಇವರು ವಾರವೆಲ್ಲ ನಿಮ್ಮಂಥ ನೂರಾರು ಜನರನ್ನು ಇಳಿಸಿ ಎತ್ತುತ್ತಾರೆ," ಎಂದೆ. ಹಾಲು ತಟ್ಟನೆ ನನ್ನ ಕಡೆ ತಿರುಗಿತು. ವಯಸ್ಸಿನ ಮಾತು, ಇಂಪೊಸಿಷನ್ ಮಾತು ಎಲ್ಲ ಹೇಳಿದೆ. "ಇವರೇ ನಮ್ಮ ಇನ್‌ಸ್ಟ್ರಕ್ಟರುಗಳು. ಕಾಲು ತುಳಿದರೆ ಕ್ಷಮಿಸುತ್ತಾರೆ," ಎಂದು ನಿಲ್ಲಿಸಿದೆ. ಉಳಿದರ್ಧವನ್ನು ಹಾಲೇ ಹೇಳಿತು.

ಮಿಸ್ ಎದ್ದರು. ನೀಲಿ ಫ್ರಾಕು, ಕತ್ತಿನವರೆಗೆ ಪೌಡರು. ಬೆತ್ತ ಊರಿಕೊಂಡು ಹಲಗೆಯ ನಡುವಿಗೆ ಬಂದರು, ಎದುರಿಗೆ ಬಂದ ಸೆಕ್ರೆಟರಿಯ ಕೈಗೆ, "ಹಿಡ್ಕೋ" ಎಂದು ಬೆತ್ತ ಕೊಟ್ಟರು. ಸೆಕ್ರೆಟರಿಯದೂ ಅವರ ಮೂರನೆಯ ಕ್ಲಾಸೇ, ಹಿಡಿದುಕೊಂಡರು. ಒಂದು ಕೈಯಲ್ಲಿ ಶಾಲು, ಒಂದು ಕೈಯಲ್ಲಿ ಬೆತ್ತ, ಇನ್ನು ಅವರಿಂದ ಯಾರಿಗೂ ಅಪಾಯವಿರಲಿಲ್ಲ.

ಡ್ರೈವರಣ್ಣ ಬಂದು ಮಿಸ್ ಕೈ ಹಿಡಿದರು. ರೆಕಾರ್ಡು ಶುರುವಾಯಿತು, ಆ ತುತ್ತೂರಿಯದೇ. ಮಿಸ್ ಐದರಿಂದ ಎಂಟರವರೆಗೆ ಎಣಿಸಿದರು. ಅಣ್ಣ ಅಲ್ಲಾಡಲಿಲ್ಲ. ಮತ್ತೊಮ್ಮೆ ಎಣಿಸಿದರು. ಅಣ್ಣನ ಹಣೆಯಿಂದ ಬೆವರು ಇಳಿಯಿತು, ಕಾಲು ಮಾತ್ರ ಕಂಬ. ಮಿಸ್ ಮುಖ ಸಣ್ಣಗಾಯಿತು. ಗೋಡೆ ಕಡೆ ಯಾರೋ ಕಿಸಕ್ಕೆಂದರು. ನಾನು ಅವರನ್ನು ಇಲ್ಲಿಯವರೆಗೆ ತಂದು ಎಲ್ಲರ ಮುಂದೆ ಬೀಳಿಸಿದೆ ಎಂದುಕೊಂಡು ಮೈಕಿನ ಕಂಬದ ಹಿಂದಕ್ಕೆ ಸರಿದೆ.

ಅಣ್ಣ ಒಂದು ಕೈ ಬಿಟ್ಟು ಸೆಕ್ರೆಟರಿಯಿಂದ ಬೆತ್ತ ತೆಗೆದುಕೊಂಡರು. ಹಲಗೆಗೆ ಕುಟ್ಟಿದರು. ಮೂರು.

ಹರಟೆ ನಿಂತಿತು. ಗೋಡೆಗೆ ಒರಗಿದ್ದವರು ನೆಟ್ಟಗಾದರು. ಲೋಟಗಳು ನೆಲಕ್ಕೆ ಇಳಿದವು. ಒಬ್ಬೊಬ್ಬರೂ ಪಕ್ಕದವರ ಹೆಗಲು ಹಿಡಿದುಕೊಂಡರು. ರೆಕಾರ್ಡು ಹಾಕುತ್ತಿದ್ದವನೂ ಗಣಿಯೊಳಗಿನವನೇ. ಯಾರೂ ಹೇಳದೆ ಕೈ ಚಾಚಿ ಯಂತ್ರದ ವೇಗ ಇಳಿಸಿದ. ತುತ್ತೂರಿ ನಮ್ಮನೆ ಎಮ್ಮೆ ಕರುವನ್ನು ಕರೆದ ಹಾಗೆ ದಪ್ಪಗೆ, ನಿಧಾನವಾಗಿ ಮೊರೆಯತೊಡಗಿತು. ಯಾರೂ ನಗಲಿಲ್ಲ.

ಅಣ್ಣ ಬೆತ್ತವನ್ನು ಮಿಸ್ ಎಡಗೈಗೆ ಕೊಟ್ಟು ಬಲಗೈ ಹಿಡಿದರು. ಕುಣಿದರು. ಹಿಂದಕ್ಕೊಂದು, ಮುಂದಕ್ಕೊಂದು. ಆ ಕಡೆ ಮೂರು, ಈ ಕಡೆ ಮೂರು. ಅಣ್ಣನ ಕೈ ಇಂಜಿನ್ನಿನ ಹಿಡಿಯ ಮೇಲಿದ್ದಂತೆ ಇತ್ತು, ಕಣ್ಣು ಅರ್ಧ ಮುಚ್ಚಿತ್ತು. ಅವರಿಗೆ ಯಾವತ್ತೂ ಕೇಜು ಕಾಣುತ್ತಿರಲಿಲ್ಲವಲ್ಲ. ನನ್ನ ಪಕ್ಕದ ಹುಡುಗಿ ಪಿಸುಗುಟ್ಟಿದಳು, "ಯಾಕೆ ಎಲ್ರೂ ಹೀಗೆ ನಿಂತಿದಾರೆ?"

"ಒಳಗೆ ಮನುಷ್ಯರಿದ್ದಾರೆ," ಎಂದೆ. ಅವಳಿಗೆ ಅರ್ಥವಾಗಲಿಲ್ಲ, ಆದರೆ ಅವಳೂ ಎದ್ದು ನಿಂತಳು.

ಕೊನೆಯಲ್ಲಿ ತೋಳಿನ ಕೆಳಗೆ ಒಂದು ಸುತ್ತು. ಅದನ್ನು ಬಿಟ್ಟುಬಿಡುತ್ತಾರೆ ಎಂದುಕೊಂಡಿದ್ದೆ. ಬಿಡಲಿಲ್ಲ. ಮಿಸ್ ಬೆತ್ತ ಊರಿ, ಗೋಡೆ ಹಿಡಿದು ಬರುವ ಮಗುವಿನಂತೆ ಪುಟ್ಟ ಪುಟ್ಟ ಹೆಜ್ಜೆಯಲ್ಲಿ ಪೂರ್ತಿ ತಿರುಗಿದರು. ಮುಖ ನಮ್ಮ ಕಡೆ ಬಂದಾಗ ಪೌಡರಿನ ಮೇಲೆ ಎರಡು ಗೆರೆ ಇಳಿದಿದ್ದವು. ಅಣ್ಣ ಅವರನ್ನು ತಂದು ನಿಲ್ಲಿಸಿದರು. ನಿಂತದ್ದು ಯಾರ ಮೊಣಕಾಲಿಗೂ ಗೊತ್ತಾಗುವಂತಿರಲಿಲ್ಲ.

ಆಗ ಮಿಸ್, ಇದು ಡಾನ್ಸ್ ಹಾಲು, ನಿನ್ನ ಬೆಲ್ಲು ಇಲ್ಲಿ ನಡೆಯುವುದಿಲ್ಲ ಎಂದಿದ್ದ ಅದೇ ಮಿಸ್, ಬೆತ್ತ ಎತ್ತಿ ಹಲಗೆಗೆ ಕುಟ್ಟಿದರು. ಒಂದು.

ರೆಕಾರ್ಡು ನಿಂತಿತು. ಅಣ್ಣ ಎದೆಯೊಳಗಿದ್ದ ಉಸಿರನ್ನೆಲ್ಲ ಒಂದೇ ಸಲ ಬಿಟ್ಟರು. ಮಿಸ್ ಸೆಕ್ರೆಟರಿಯ ಕಡೆ ತಿರುಗಿದರು.

"ಈಗ ಹಾಕು ಮ್ಯಾನ್ ಶಾಲು," ಎಂದರು. "ಬೆವರು ಬಂದಿದೆ. ಶೀತ ಆಗುತ್ತೆ."

ಸೆಕ್ರೆಟರಿ ಹಾಕಿದರು. ಚೀಟಿಯ ಪ್ರಕಾರ ನಾನು ಅಲ್ಲಿ ಎರಡು ಮಾತಾಡಬೇಕಿತ್ತು. ಅದರ ಬದಲು, ಮೈಕು ಆಫಾಗಿದೆ ಎಂದುಕೊಂಡು ಕರ್ಚೀಫು ತೆಗೆದು ಮೂಗು ಸೀಟಿಕೊಂಡೆ. ಆಫಾಗಿರಲಿಲ್ಲ.